ಮುತ್ತಾತನ ಊರು ಹೇಳುವ ಮದುವೆ ಪುಸ್ತಕ



ಬೆಂಗಳೂರಿನ ದಂಡು ಪ್ರದೇಶ, ಕೋಲಾರದ ಚಿನ್ನದ ಗಣಿ, ವೈಟ್‌ಫೀಲ್ಡ್ ಈ ಮೂರೂ ಕಡೆ ಒಂದು ಕಾಲಕ್ಕೆ ಆಂಗ್ಲೋ ಇಂಡಿಯನ್ ಕುಟುಂಬಗಳು ಬಹಳ ಇದ್ದವು. 1947ರ ನಂತರ ಇವರಲ್ಲಿ ಅನೇಕರು ಇಂಗ್ಲೆಂಡಿಗೋ ಆಸ್ಟ್ರೇಲಿಯಾಕ್ಕೋ ಹೊರಟರು. ಇಂಗ್ಲೆಂಡಿಗೆ ಹೊರಟವರಿಗೆ ಎದುರಾದ ಪ್ರಶ್ನೆ ಒಂದೇ: ನಿಮ್ಮ ಹಿರಿಯರು ಎಲ್ಲಿ ಹುಟ್ಟಿದವರು? 1971ರಲ್ಲಿ ಅಂಗೀಕಾರವಾಗಿ 1973ರ ಜನವರಿ 1ರಿಂದ ಜಾರಿಗೆ ಬಂದ ಬ್ರಿಟನ್ನಿನ ವಲಸೆ ಕಾನೂನು ಇದಕ್ಕೆ ಖಚಿತವಾದ ಲೆಕ್ಕ ಹಾಕಿತು. ತಂದೆ ಅಥವಾ ತಾಯಿ ಅಲ್ಲಿ ಹುಟ್ಟಿದ್ದರೆ ಕಾಮನ್‌ವೆಲ್ತ್ ದೇಶದ ಪ್ರಜೆಗೆ ಅಲ್ಲಿ ನೆಲೆಸುವ ಹಕ್ಕು. ತಾತ ಅಜ್ಜಿಯರಲ್ಲಿ ಒಬ್ಬರು ಹುಟ್ಟಿದ್ದರೆ, ಆಗ ಬಂದ ನಿಯಮಗಳ ಪ್ರಕಾರ, ಹೋಗಿ ಕೆಲಸ ಮಾಡಲು ಅವಕಾಶ. ಮುತ್ತಾತ ಹುಟ್ಟಿದ್ದರೆ ಏನೂ ಇಲ್ಲ. ಒಂದು ತಲೆಮಾರಿನ ಅಂತರದಲ್ಲಿ ಒಂದು ಸಂಸಾರದ ಭವಿಷ್ಯ ನಿಂತಿತ್ತು.

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾವ ಸರ್ಕಾರವೂ ಒಪ್ಪದು. ಮೊಮ್ಮಗನಿಂದ ತಾತನವರೆಗೆ ಕಾಗದದ ಸರಪಳಿ ಬೇಕು. ಆ ಸರಪಳಿಯಲ್ಲಿ ಜನನಪತ್ರಕ್ಕಿಂತ ಮದುವೆಯ ದಾಖಲೆಯೇ ಮುಖ್ಯವಾದ ಕೊಂಡಿ. ಅದರಲ್ಲಿ ಹೆಣ್ಣಿನ ತವರಿನ ಹೆಸರು ಇರುತ್ತದೆ. ನಂತರದ ಕಾಲದ ನಮೂನೆಗಳಲ್ಲಿ ಗಂಡು ಹೆಣ್ಣು ಇಬ್ಬರ ತಂದೆಯರ ಹೆಸರೂ ಇರುತ್ತದೆ. ಅಂದರೆ ಒಂದೇ ಸಾಲಿನಲ್ಲಿ ಎರಡು ಮನೆತನ, ಎರಡು ತಲೆಮಾರು.

ಈ ಪುಸ್ತಕಗಳ ಮೂಲ ಇಂಗ್ಲೆಂಡಿನದು. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್, ಪ್ರತಿಯೊಂದು ಚರ್ಚೂ ತನ್ನ ವ್ಯಾಪ್ತಿಯ ನಾಮಕರಣ, ಮದುವೆ, ಶವಸಂಸ್ಕಾರಗಳನ್ನು ವಾರವಾರವೂ ಬರೆದಿಡಬೇಕೆಂದು ಆಜ್ಞೆ ಮಾಡಿದ. ಇದೆಲ್ಲ ಹೊಸ ತೆರಿಗೆ ಹಾಕುವ ಹೂಟವೆಂದು ಜನ ಹೆದರಿದರಂತೆ. ಸರ್ಕಾರ ಲೆಕ್ಕ ಕೇಳಿದಾಗ ಜನ ಹೆದರುವುದು ಎಲ್ಲ ದೇಶಗಳಲ್ಲೂ ಒಂದೇ! 1753ರ ಮದುವೆ ಕಾನೂನು ಗುಟ್ಟಿನ ಮದುವೆಗಳನ್ನು ತಡೆಯಲು ವಧೂವರರೂ ಸಾಕ್ಷಿಗಳೂ ಪುಸ್ತಕದಲ್ಲಿ ರುಜು ಹಾಕಬೇಕೆಂದಿತು. ಓದು ಬರಹ ಬಾರದವರು ಅಡ್ಡಗೀಟು ಎಳೆದರು. ಆ ಗೀಟುಗಳು ಇಂದಿಗೂ ಇವೆ. ಹುಡುಕುವವರು ಇನ್ನೊಂದು ವಿಷಯ ತಿಳಿದಿರಬೇಕು: 1751ರವರೆಗೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಆರಂಭವಾಗುತ್ತಿದ್ದುದು ಮಾರ್ಚಿ 25ರಂದು. ಪುಸ್ತಕದಲ್ಲಿ 1740ರ ಫೆಬ್ರವರಿ ಎಂದಿದ್ದರೆ ಈಗಿನ ಲೆಕ್ಕಕ್ಕೆ ಅದು 1741. ಇದನ್ನು ಮರೆತವರಿಗೆ ಮದುವೆಗೆ ಮೊದಲೇ ಸತ್ತ ವರ ಸಿಗುವುದುಂಟು.

ಈಸ್ಟ್ ಇಂಡಿಯಾ ಕಂಪನಿ ಈ ಪದ್ಧತಿಯನ್ನು ಭಾರತಕ್ಕೂ ತಂದಿತು. ಪಾದ್ರಿಗಳು ತಮ್ಮ ಪುಸ್ತಕದ ನಕಲನ್ನು ಕಾಲಕಾಲಕ್ಕೆ ಪ್ರೆಸಿಡೆನ್ಸಿಯ ಮುಖ್ಯ ಪಟ್ಟಣಕ್ಕೆ ಕಳಿಸುತ್ತಿದ್ದರು. ಅಲ್ಲಿಂದ ಒಂದು ಪ್ರತಿ ಲಂಡನ್ನಿಗೆ ಹೋಗುತ್ತಿತ್ತು. ಮದರಾಸಿನ ದಾಖಲೆಗಳು 1698ರಿಂದ, ಮುಂಬಯಿಯವು 1709ರಿಂದ, ಬಂಗಾಳದವು 1713ರಿಂದ ದೊರೆಯುತ್ತವೆ. ಬೆಂಗಳೂರಿನ ದಂಡು ನೆಲೆಗೊಂಡದ್ದು 1809ರಲ್ಲಿ. ಹೀಗಾಗಿ ಬೆಂಗಳೂರಿನಲ್ಲಿ ಮದುವೆಯಾದ ಸಿಪಾಯಿಯ ಹೆಸರನ್ನು ಮದರಾಸಿನ ಸಂಪುಟಗಳಲ್ಲಿ ಹುಡುಕಬೇಕು. ಆ ಸಂಪುಟಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ; ಬಹುಭಾಗ ಇಂಟರ್‌ನೆಟ್ಟಿಗೂ ಬಂದಿದೆ.

ಸಾವಿನ ಪುಟಗಳು ಮದುವೆಯ ಪುಟಗಳಷ್ಟು ಮಾತಾಡುವುದಿಲ್ಲ. ಹೆಸರು, ವಯಸ್ಸು, ಪಲ್ಟಣ, ಸತ್ತ ದಿನ, ಹೂಳಿದ ದಿನ. ಈ ದೇಶದ ಬಿಸಿಲಿಗೆ ಅಂಜಿ ಒಂದೇ ದಿನದಲ್ಲಿ ಮಣ್ಣು ಮಾಡುತ್ತಿದ್ದುದರಿಂದ ಎರಡು ದಿನಾಂಕಗಳ ನಡುವೆ ಅಂತರ ಕಡಿಮೆ. ಆದರೂ ಇವನ್ನು ಬಿಡುವ ಹಾಗಿಲ್ಲ. ಸೋಲ್ಜರನೊಬ್ಬ ಸತ್ತರೆ ಅವನ ಹೆಂಡತಿಗೆ ಸಿಗುತ್ತಿದ್ದ ಜೀವನಾಂಶ ಕೆಲವೇ ತಿಂಗಳದು. ಅಷ್ಟರೊಳಗೆ ಆಕೆ ಊರಿಗೆ ಹಡಗು ಹತ್ತಬೇಕು, ಇಲ್ಲವೇ ಅದೇ ಪಲ್ಟಣದ ಇನ್ನೊಬ್ಬನನ್ನು ಮದುವೆಯಾಗಬೇಕು. ಎರಡನೆಯದೇ ಹೆಚ್ಚು ನಡೆಯುತ್ತಿತ್ತು. ಗಂಡನ ಸಾವು ದಾಖಲಾದ ಕೆಲವೇ ವಾರಗಳಲ್ಲಿ ಆಕೆ ‘ವಿಧವೆ’ ಎಂಬ ಮಾತಿನೊಡನೆ ಮದುವೆಯ ಪುಸ್ತಕದಲ್ಲಿ, ಹೊಸ ಮನೆತನದ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತಾಳೆ. ಮುತ್ತಜ್ಜಿ ದಿಢೀರನೆ ಕಾಣೆಯಾದಳೆಂದರೆ ಮೊದಲು ನೋಡಬೇಕಾದದ್ದು ಈ ಪುಟವನ್ನೇ.

ಪುಸ್ತಕವಿಲ್ಲದ ಕಡೆ ಕಲ್ಲು ನೆರವಿಗೆ ಬರುತ್ತದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಡದ ಹಳೆಯ ಸ್ಮಶಾನದಲ್ಲಿ, 1799ರ ನಂತರ ಅಲ್ಲಿ ಬೀಡುಬಿಟ್ಟಿದ್ದ ಸೈನ್ಯದವರ ಗೋರಿಗಳಿವೆ. ಕಂಪನಿಯ ಪರವಾಗಿ ಕಾದಿದ ಸ್ವಿಟ್ಜರ್‌ಲೆಂಡಿನ ಡಿ ಮ್ಯೂರನ್ ಪಲ್ಟಣದವರೂ ಅವರಲ್ಲಿದ್ದಾರೆ. ಯುದ್ಧಕ್ಕಿಂತ ಜ್ವರಕ್ಕೆ ಬಲಿಯಾದವರೇ ಅಲ್ಲಿ ಹೆಚ್ಚು. ಎರಡು ಶತಮಾನ ಕಳೆದ ಮೇಲೆ ಆ ಮನೆತನದವರು ಬಂದು ಗೋರಿಗಳ ಜೀರ್ಣೋದ್ಧಾರಕ್ಕೆ ನೆರವಾದರು.

ಆದರೆ ಈ ದಾಖಲೆಗಳಿಗೆ ಒಂದು ದೊಡ್ಡ ಕುರುಡಿದೆ, ಅದನ್ನು ಸ್ಪಷ್ಟವಾಗಿ ಹೇಳಲೇಬೇಕು. ಕಂಪನಿಯ ಮೊದಲ ಕಾಲದಲ್ಲಿ ಬಂದ ಗಂಡಸರಲ್ಲಿ ಅನೇಕರು ಈ ನೆಲದ ಹೆಂಗಸರೊಡನೆ ಸಂಸಾರ ಮಾಡಿದರು. ಹಲವು ಸಂಸಾರಗಳಿಗೆ ಚರ್ಚಿನ ಮದುವೆಯೇ ಆಗಲಿಲ್ಲ. ಆದ ಕಡೆಯೂ ವಧುವಿನ ಹೆಸರು ಬರೀ ಮೇರಿ, ಅನ್ನಾ. ಮನೆತನವಿಲ್ಲ, ತಂದೆಯಿಲ್ಲ, ಊರಿಲ್ಲ. ಕೆಲವೆಡೆ ‘ದೇಶೀಯ ಹೆಂಗಸು’ ಎಂದಷ್ಟೇ ಬರೆದಿದೆ. ಗಂಡನ ಕಡೆ ಐದಾರು ತಲೆಮಾರು ಹತ್ತಿಹೋಗುವ ವಂಶವೃಕ್ಷ ಹೆಂಡತಿಯ ಕಡೆ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತದೆ. ಮದುವೆಗೆ ಕೆಲವು ದಿನ ಮೊದಲಿನ ನಾಮಕರಣದ ಪುಟ ನೋಡುವುದು ಅನುಭವಸ್ಥರ ಉಪಾಯ. ಪ್ರಾಯದ ಹೆಂಗಸೊಬ್ಬಳಿಗೆ ದೀಕ್ಷಾಸ್ನಾನ ಕೊಟ್ಟದ್ದು ಅಲ್ಲಿದ್ದರೆ, ಹಳೆಯ ಹೆಸರೂ ಜಾತಿಯೂ ಒಮ್ಮೊಮ್ಮೆ ಸಿಗುತ್ತವೆ. ವಲಸೆ ಕಚೇರಿಗೆ ಬೇಕಾದದ್ದು ಇಂಗ್ಲೆಂಡಿನ ತಾತ ಮಾತ್ರವಾದ್ದರಿಂದ ಈ ಅಜ್ಜಿಯನ್ನು ಹುಡುಕುವ ಗೋಜಿಗೆ ಬಹಳ ಮಂದಿ ಹೋಗಲಿಲ್ಲ. ಈಗ ಆಕೆಯನ್ನು ಹುಡುಕುತ್ತ ಬರುವವರು ಆ ವಲಸೆ ಹೋದವರ ಮೊಮ್ಮಕ್ಕಳು.

ಉಳಿದ ಕನ್ನಡಿಗರ ಪಾಡೇನು? ಮದುವೆಯನ್ನು ಅಗ್ನಿಸಾಕ್ಷಿಗೂ ಊರ ಹತ್ತು ಸಮಸ್ತರಿಗೂ ಬಿಟ್ಟ ಸಮಾಜ ಅದನ್ನು ಕಾಗದಕ್ಕೆ ಇಳಿಸಲಿಲ್ಲ. ಜನನ ಮರಣ ನೋಂದಣಿಯನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿದ ಕಾನೂನು 1969ರದು. ಕರ್ನಾಟಕದ ವಿವಾಹ ನೋಂದಣಿ ಕಾನೂನು 1976ರದು. ಅದಕ್ಕೆ ಹಿಂದಿನ ತಲೆಮಾರುಗಳಿಗೆ ಗತಿ ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತನ್ನೇರಿ ಬಂದು, ವಂಶದ ಮೂಲಪುರುಷನಿಂದ ಹಿಡಿದು ಹೆಸರುಗಳನ್ನು ಒಪ್ಪಿಸಿ ಕಾಳುಕಡ್ಡಿ ಪಡೆದುಹೋಗುವ ಇವರ ಬಳಿ ಮನೆತನದ ವಿವರ ಬರೆದಿಟ್ಟ ಪುಸ್ತಕಗಳೂ ಇವೆ. ಕಾಶಿ, ಗಯಾ, ಹರಿದ್ವಾರಗಳ ಪಂಡಾಗಳ ವಹಿಗಳು ಯಾತ್ರೆಗೆ ಹೋದವರ ಪಾಲಿಗೆ ಇನ್ನೊಂದು ಆಸರೆ.

ಹುಡುಕಲು ಹೊರಟವರು ಯಾವಾಗಲೂ ತಮ್ಮಿಂದ ಹಿಂದಕ್ಕೆ ಹೋಗಬೇಕು. ಯಾವುದೋ ಪ್ರಸಿದ್ಧ ಜನರಲ್ಲನನ್ನು ಹಿಡಿದು ಕೆಳಕ್ಕೆ ಇಳಿಯಬಾರದು. ಹೆಸರಿನ ಅಕ್ಷರಗಳನ್ನೂ ನಂಬಬಾರದು. ಪಾದ್ರಿ ಕಿವಿಗೆ ಬಿದ್ದಂತೆ ಬರೆದವನು, ನಕಲು ಮಾಡಿದವನು ಕಣ್ಣಿಗೆ ಕಂಡಂತೆ ಬರೆದವನು. ಲಂಡನ್ನಿನ ನಕಲಿನಲ್ಲಿ ಸಿಗದ ಹೆಸರು ಇಲ್ಲಿನ ಚರ್ಚಿನ ಮೂಲ ಪುಸ್ತಕದಲ್ಲಿ ಸಿಗಬಹುದು. ಮದುವೆ ನಡೆದ ಚರ್ಚು ಗೊತ್ತಿದ್ದರೆ ಅಲ್ಲಿಯ ಗುರುಗಳನ್ನು ಮೊದಲು ಕಂಡು ವಿಚಾರಿಸುವುದು ಒಳ್ಳೆಯದು.