ಮಕ್ಕಳ ಮುಂದೆ ಸಾಲದ ಲೆಕ್ಕ ಬಿಚ್ಚೋಣ

(ರೈತ ಕುಟುಂಬಗಳ ಒಂದು ದಿನದ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)

ರೈತ ಬಂಧುಗಳೇ, ತಾಯಂದಿರೇ, ಹಿಂದುಗಡೆ ಕೂತಿರುವ ಹುಡುಗ ಹುಡುಗಿಯರೇ,

ಈ ಶಿಬಿರಕ್ಕೆ ಕರೆಯುವಾಗ ಸಂಘದ ಗೆಳೆಯರು ಒಂದು ಮಾತು ಹೇಳಿದರು. "ಬೆಲೆ, ಸಾಲ, ಸಬ್ಸಿಡಿ ಬಗ್ಗೆ ಮಾತಾಡೋರು ಬೇಕಾದಷ್ಟು ಜನ ಇದ್ದಾರೆ. ನೀವು ಎರಡು ಮಕ್ಕಳ ತಂದೆ, ಸಂಸಾರದ ಸುಖದುಃಖ ಹೇಳಿ" ಅಂದರು. ಒಪ್ಪಿಕೊಂಡೆ. ಆದರೆ ಕೂತು ಯೋಚನೆ ಮಾಡಿದರೆ ಇವೆರಡೂ ಬೇರೆ ಬೇರೆ ಅಂತ ಅನಿಸಲೇ ಇಲ್ಲ. ನೌಕರಿ ಮಾಡುವವನಿಗೆ ಮನೆ ಒಂದು ಕಡೆ, ಆಫೀಸು ಒಂದು ಕಡೆ. ನಮಗೆ ಹೊಲವೂ ಮನೆಯೂ ಒಂದೇ ಗಂಟು. ಅಡುಗೆಮನೆಯ ಡಬ್ಬದ ದುಡ್ಡು ಗೊಬ್ಬರದ ಅಂಗಡಿಗೆ ಹೋಗುತ್ತದೆ. ಮಗಳ ಓಲೆ ಬೋರ್‌ವೆಲ್ ಸಲುವಾಗಿ ಅಡವು ಬೀಳುತ್ತದೆ. ರಾಗಿ ಬೆಲೆ ಕುಸಿಯುವುದು ಮಂಡಿಯಲ್ಲಿ, ಏಟು ಬೀಳುವುದು ನಮ್ಮ ಒಲೆಗೆ.

ಮೊದಲು ಸಂತೋಷದ ಮಾತು ಆಡೋಣ. ರೈತ ಅಂದರೆ ಅಳುಮೋರೆ ಅಂತ ಪೇಟೆಯವರು ಒಂದು ಚಿತ್ರ ಬರೆದಿಟ್ಟುಕೊಂಡಿದ್ದಾರೆ. ಅದು ಪೂರಾ ಸುಳ್ಳು. ಹಸು ಈದ ಮನೆಯಲ್ಲಿ ಗಿಣ್ಣು ಕಾಯಿಸುವಾಗ ಮಕ್ಕಳು ತಟ್ಟೆ ಹಿಡಿದು ಒಲೆ ಮುಂದೆ ಸಾಲಾಗಿ ಕೂರುತ್ತಾವಲ್ಲ, ಆ ಸುಖ ಯಾವ ಹೋಟೆಲಿನಲ್ಲಿ ಸಿಕ್ಕೀತು? ಯುಗಾದಿಗೆ ಹೊನ್ನಾರು ಹೂಡುವಾಗ ಏಳು ವರ್ಷದ ಹುಡುಗ ನಾನೇ ನೇಗಿಲು ಹಿಡೀತೀನಿ ಅಂತ ಜಗಳ ತೆಗೆಯುತ್ತಾನೆ. ಕಣದಲ್ಲಿ ರಾಶಿಯ ಮೇಲೆ ಹೊರಳಾಡಿ ಅಜ್ಜನ ಕೈಲಿ ಬೈಸಿಕೊಳ್ಳುತ್ತಾವೆ. ನಮ್ಮ ಮನೆಯಲ್ಲಿ ಮಗಳು ಮೊದಲ ಸಲ ಪಹಣಿ ಓದಿ ಸರ್ವೆ ನಂಬರು, ಗುಂಟೆ ಲೆಕ್ಕ ಹೇಳಿದಾಗ, ಜೀವಮಾನ ಪೂರ್ತಿ ಹೆಬ್ಬೆಟ್ಟು ಒತ್ತಿದ್ದ ನನ್ನ ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಇವಕ್ಕೆಲ್ಲ ಒಂದು ಪೈಸೆ ಸಾಲ ಬೇಕಾಗಿಲ್ಲ. ಮಕ್ಕಳ ಮೇಲಿನ ಪ್ರೀತಿಯನ್ನು ಊರಿಗೆ ತೋರಿಸಲು ಹೊರಟಾಗ ಸಾಲ ಶುರುವಾಗುತ್ತದೆ. ಅದಕ್ಕಿಂತ ಮೊದಲು, ನಾವು ಬೆಳೆದದ್ದಕ್ಕೆ ಬೆಲೆ ಬಾರದಿದ್ದಾಗ ಶುರುವಾಗುತ್ತದೆ.

ಜೂನ್ ತಿಂಗಳನ್ನೇ ತೆಗೆದುಕೊಳ್ಳಿ. ಪಂಚಾಂಗದಲ್ಲಿ ಮೃಗಶಿರಾ ಮಳೆ, ಮನೆಯಲ್ಲಿ ಫೀಜಿನ ಮಳೆ. ಸ್ಕೂಲು ಶುರುವಾಗುವುದೂ ಬಿತ್ತನೆ ಶುರುವಾಗುವುದೂ ಒಂದೇ ಕಾಲಕ್ಕೆ. ಒಂದು ಕೈಯಲ್ಲಿ ಬೀಜ ಗೊಬ್ಬರದ ಚೀಟಿ, ಇನ್ನೊಂದು ಕೈಯಲ್ಲಿ ಫೀಜು, ಪುಸ್ತಕ, ಯೂನಿಫಾರಂ ಚೀಟಿ. ಕಬ್ಬಿನ ಬಾಕಿ ಬಂದರೆ ಎರಡನ್ನೂ ಕಟ್ಟಬಹುದು. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಆ ಬಡ್ಡಿಯನ್ನು ಕೇಳದೆ ಕೈಗಿಟ್ಟ ಕಾರ್ಖಾನೆಯನ್ನು ನೋಡಿದವರು ಇಲ್ಲಿ ಇದ್ದರೆ ಕೈ ಎತ್ತಿ. ಯಾರೂ ಇಲ್ಲ. ನಮಗೆ ಬರಬೇಕಾದ ಬಡ್ಡಿ ಬರುವುದಿಲ್ಲ, ನಾವು ಕೊಡಬೇಕಾದ ಬಡ್ಡಿ ಮಾತ್ರ ಒಂದು ದಿನವೂ ನಿಲ್ಲುವುದಿಲ್ಲ.

ಆ ಬಡ್ಡಿಯ ಲೆಕ್ಕ ಹಾಕೋಣ. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲಕ್ಕೆ ಮೂರು ಲಕ್ಷದವರೆಗೆ ಶೇಕಡಾ 7, ಗಡುವಿನೊಳಗೆ ಕಟ್ಟಿದರೆ ಶೇಕಡಾ 4. ಆದರೆ ಮದುವೆಗೆ, ಮಗನ ಕಾಲೇಜಿನ ಡೊನೇಷನ್ನಿಗೆ ಬೇಕಾಗುವಷ್ಟು ಅಲ್ಲಿ ಹುಟ್ಟುವುದಿಲ್ಲ. ಆಗ ಕೈಸಾಲ, ನೂರಕ್ಕೆ ಮೂರು ರೂಪಾಯಿ. ಮೂರೇ ರೂಪಾಯಿ ತಾನೇ ಅಂತೀವಿ. ಎರಡು ಲಕ್ಷಕ್ಕೆ ತಿಂಗಳಿಗೆ 6,000, ವರ್ಷಕ್ಕೆ 72,000. 2025-26ರ ಹಂಗಾಮಿಗೆ ಸರ್ಕಾರ ರಾಗಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಅಂದರೆ ಸುಮಾರು 15 ಕ್ವಿಂಟಾಲ್ ರಾಗಿ ಬರೀ ಬಡ್ಡಿಗೆ! ಖುಷ್ಕಿಯಲ್ಲಿ ಎಕರೆಗೆ ಏಳೆಂಟು ಕ್ವಿಂಟಾಲ್ ಬಂದರೆ ಎರಡು ಎಕರೆ ಬೆಳೆ ಕಣದಿಂದ ನೇರ ಸಾಹುಕಾರನ ಮನೆಗೆ. ಅಸಲು ಕೂತಲ್ಲೇ ಕೂತಿರುತ್ತದೆ.

ಆ 4,886 ಹೇಗೆ ಬಂತು, ತಾಯಂದಿರು ಮುಖ್ಯವಾಗಿ ಕೇಳಬೇಕು. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಖರ್ಚನ್ನು ಮೂರು ಥರ ಲೆಕ್ಕ ಹಾಕುತ್ತದೆ. ಕೈಯಿಂದ ಕೊಟ್ಟ ಖರ್ಚು ಎ2. ಅದಕ್ಕೆ ಮನೆಮಂದಿಯ ದುಡಿಮೆಯ ಬೆಲೆ ಸೇರಿಸಿದರೆ ಎ2 ಪ್ಲಸ್ ಎಫ್‌ಎಲ್. ಸ್ವಂತ ಭೂಮಿಯ ಗೇಣಿ, ಸ್ವಂತ ಬಂಡವಾಳದ ಬಡ್ಡಿಯನ್ನೂ ಸೇರಿಸಿದರೆ ಸಿ2. ಸರ್ಕಾರ ರಾಗಿಗೆ ಹಿಡಿದ ಖರ್ಚು ಎರಡನೆಯದು, 3,257 ರೂಪಾಯಿ. ಅದರ ಒಂದೂವರೆ ಪಟ್ಟು 4,886. ಸ್ವಾಮಿನಾಥನ್ ಆಯೋಗ 2006ರ ವರದಿಯಲ್ಲಿ ಉತ್ಪಾದನಾ ವೆಚ್ಚದ ಮೇಲೆ ಕನಿಷ್ಠ ಅರ್ಧದಷ್ಟು ಲಾಭ ಸೇರಿಸಿ ಅಂದಿತ್ತು. ಆ ವೆಚ್ಚ ಸಿ2 ಆಗಬೇಕು ಅನ್ನುವುದು ರೈತ ಚಳವಳಿಯ ಬೇಡಿಕೆ. ಇನ್ನು, ಖರೀದಿ ಕೇಂದ್ರ ತೆರೆಯುವವರೆಗೆ ಕಾಯಲಾರದೆ ಕಣದಲ್ಲೇ ಮಾರುವ ಮನೆಗೆ ಈ 4,886 ಕೂಡ ಇಲ್ಲ.

ಆದರೂ ಒಂದು ಮಾತು ನೋಡಿ. ಹೆಂಡತಿ ಕಳೆ ಕಿತ್ತದ್ದಕ್ಕೆ, ಮಗ ರಾತ್ರಿ ಕರೆಂಟು ಕಾದು ನೀರು ಕಟ್ಟಿದ್ದಕ್ಕೆ ದೆಹಲಿಯ ಕಾಗದದಲ್ಲಾದರೂ ಒಂದು ಬೆಲೆ ಇದೆ. ನಮ್ಮ ಮನೆಯ ಲೆಕ್ಕದಲ್ಲಿ ಅದೂ ಇಲ್ಲ! "ನಾನು ದುಡಿದು ಹಾಕ್ತೀನಿ, ನೀವು ಕೂತು ತಿನ್ನಿ" ಅಂತೀವಿ. ಯಾರು ಕೂತು ತಿಂದರು? 2018-19ರ ಕೇಂದ್ರ ಸರ್ಕಾರದ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಕೃಷಿ ಕುಟುಂಬದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು 3,798, ಕೂಲಿ ಸಂಬಳದಿಂದ ಬಂದದ್ದು 4,063. ತಲೆಯ ಮೇಲಿನ ಸರಾಸರಿ ಸಾಲ 74,121. ಹೊಲ ಮನೆಯನ್ನು ಸಾಕುವ ಕಾಲ ಹೋಗಿ, ಗಾರ್ಮೆಂಟ್ಸಿಗೆ ಹೋದ ಮಗಳು ಹೊಲವನ್ನು ಸಾಕುವ ಕಾಲ ಬಂದಿದೆ. ಅಂಥ ಮಗಳಿಗೆ ಮನೆಯ ಸಾಲ ಎಷ್ಟು ಅಂತ ಹೇಳದೆ ಇರುವುದು ಯಾವ ನ್ಯಾಯ?

ಹೆಣ್ಣುಮಕ್ಕಳ ಮಾತು ಬಂತು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಹೆಣ್ಣು ಅಂದರೆ ಖರ್ಚು ಅಂತ ಲೆಕ್ಕ ಹಾಕಿದ ಜನ ನಾವು. 1994ರ ಕಾಯಿದೆ ಗರ್ಭದಲ್ಲಿ ಗಂಡೋ ಹೆಣ್ಣೋ ಅಂತ ಪತ್ತೆ ಮಾಡುವುದನ್ನು ಅಪರಾಧ ಅಂದಿದೆ. ಆದರೂ 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದನ್ನು ಪೊಲೀಸರು ಬಯಲಿಗೆಳೆದರು. ಬೆಲ್ಲ ಬೇಯುವ ಜಾಗದಲ್ಲಿ ಆ ಕೆಲಸ! ಅದೇ ವರ್ಷ ಫೆಬ್ರವರಿಯಲ್ಲಿ ಅದೇ ಜಿಲ್ಲೆಯಿಂದ ಮದುವೆಯಾಗದ ಯುವಕರು ಹೆಣ್ಣು ಸಿಗಲಿ ಅಂತ ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅವರಲ್ಲಿ ಬೇಸಾಯಗಾರರೇ ಹೆಚ್ಚು. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಬೇಸಾಯಕ್ಕೆ ಬೆಲೆ ಇಲ್ಲದ್ದಕ್ಕೆ ರೈತನಿಗೆ ಹೆಣ್ಣು ಕೊಡುವವರಿಲ್ಲ. ಹೆಣ್ಣಿಗೆ ಬೆಲೆ ಇಲ್ಲದ್ದಕ್ಕೆ ಕೊಡಲು ಹೆಣ್ಣೇ ಕಡಿಮೆ. ಈ ಎರಡು ಸುದ್ದಿಯನ್ನೂ ಒಟ್ಟಿಗೆ ಇಟ್ಟು ಓದಬೇಕು.

ಖರ್ಚು ಹೆಣ್ಣಿನದಲ್ಲ, ಛತ್ರದ್ದು, ಚಿನ್ನದ್ದು. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಮಂತ್ರ ಮಾಂಗಲ್ಯದ ರೀತಿಯಲ್ಲಿ ಸರಳವಾಗಿ ಮಾಡಿದರು. ಆಮೇಲೆ ರೈತ ಸಂಘದವರು ಹಸಿರು ಶಾಲು ಹೊದ್ದು ಊರೂರಲ್ಲಿ ಸರಳ ಮದುವೆಗಳನ್ನು ನಡೆಸಿದರು. ಅಷ್ಟು ದೊಡ್ಡ ಕವಿಯ ಮಾನ ಅದರಿಂದ ಹೋಗಲಿಲ್ಲ, ನಮ್ಮ ಮಾನ ಹೋಗುತ್ತದೆಯೇ? ಇನ್ನೊಂದು ವಿಷಯ. ಮದುವೆಗೆ ಖರ್ಚು ಮಾಡಿದ್ದೇವೆ, ಜಮೀನಿನಲ್ಲಿ ಪಾಲಿಲ್ಲ ಅಂತ ಮಗಳಿಂದ ಹಕ್ಕು ಖುಲಾಸೆ ಪತ್ರಕ್ಕೆ ರುಜು ಹಾಕಿಸುವ ಚಾಳಿ ಇದೆ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ ಸುಪ್ರೀಂ ಕೋರ್ಟು 2020ರಲ್ಲಿ ಖಚಿತಪಡಿಸಿತು. ಛತ್ರದ ಬಾಡಿಗೆಯನ್ನು ಮಗಳ ಪಾಲು ಅಂತ ಬರೆಯುವ ಲೆಕ್ಕ ಯಾವ ಕೋರ್ಟಿನಲ್ಲೂ ನಿಲ್ಲುವುದಿಲ್ಲ.

ಈಗ ಎಲ್ಲಕ್ಕಿಂತ ಕಷ್ಟದ ಮಾತು. ನಾವು ಸಂತೋಷವನ್ನು ಮನೆಮಂದಿಗೆಲ್ಲ ಹಂಚುತ್ತೇವೆ, ಸಾಲವನ್ನು ಒಬ್ಬರೇ ನುಂಗುತ್ತೇವೆ. ಅದನ್ನು ಗಂಡಸುತನ ಅಂತ ತಿಳಿದಿದ್ದೇವೆ. 80ರ ದಶಕದಲ್ಲಿ ಸಾಲ ವಸೂಲಿಗೆ ಬಂದವರು ಮನೆಯ ಪಾತ್ರೆ, ಬಾಗಿಲು ಜಪ್ತಿ ಮಾಡಿ ಬೀದಿಯಲ್ಲಿ ಮಾನ ಕಳೆಯುತ್ತಿದ್ದರು. ಆದರೆ ಅದು ಬೀದಿಯಲ್ಲಿ ನಡೆಯುತ್ತಿದ್ದದ್ದರಿಂದ ಬೀದಿಯವರೆಲ್ಲ ಒಟ್ಟಾದರು. ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದು ಅಂತ ಊರಬಾಗಿಲಲ್ಲಿ ಬೋರ್ಡು ನಿಂತಿತು. ಈಗ ವಸೂಲಿ ಬೀದಿಗೆ ಬರುವುದಿಲ್ಲ, ಜೇಬಿನೊಳಗಿನ ಫೋನಿಗೆ ಬರುತ್ತದೆ. ಬೈಗುಳ ಒಬ್ಬನ ಕಿವಿಗೆ ಮಾತ್ರ. ಫೋನಿನೊಳಗೆ ಬರುವವನಿಗೆ ಊರಬಾಗಿಲಲ್ಲಿ ಬೋರ್ಡು ಹಾಕಲಾಗುವುದಿಲ್ಲ. ಕಿರುಸಾಲದ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಅಂದರೆ ಸ್ಥಿತಿ ಎಲ್ಲಿಗೆ ಮುಟ್ಟಿತ್ತು ನೋಡಿ.

2015ರಲ್ಲಿ ರಾಜ್ಯದಲ್ಲಿ ರೈತರ ಆತ್ಮಹತ್ಯೆಗಳು ಹೆಚ್ಚಿದಾಗ ಸರ್ಕಾರ ಪರಿಹಾರವನ್ನು 5 ಲಕ್ಷಕ್ಕೆ ಏರಿಸಿತು. ಸಾವಿಗೆ ಬೆಲೆ ಏರಿತು, ಬೆಳೆಗೆ ಏರಲಿಲ್ಲ. ಅಂಥ ಮನೆಗಳಿಗೆ ಹೋದವರಿಗೆ ಗೊತ್ತು, ಎಷ್ಟೋ ಕಡೆ ಸಾಲದ ಪಟ್ಟಿ ಹೆಂಡತಿಗೆ ತಿಳಿಯುವುದು ತಿಥಿಗೆ ಬಂದವರ ಬಾಯಿಂದ. ಬದುಕಿದ್ದಾಗ ಹೇಳಿದ್ದರೆ ಅವಳು ಏನೋ ಒಂದು ದಾರಿ ನೋಡುತ್ತಿದ್ದಳು. ಅವಳಿಗೆ ಆ ಅವಕಾಶವನ್ನೇ ಕೊಡಲಿಲ್ಲ.

ಮಕ್ಕಳಿಗೆ ಈಗಲೇ ಯಾಕೆ ಚಿಂತೆ ಹಚ್ಚಬೇಕು ಅಂತ ಕೇಳುವವರಿದ್ದಾರೆ. ಹಚ್ಚುವುದೇನು ಬಂತು? ಅಪ್ಪ ಫೋನು ಹಿಡಿದು ಹಿತ್ತಲಿಗೆ ಹೋದರೆ ಅದು ಯಾರ ಫೋನು ಅಂತ ಆರನೇ ಕ್ಲಾಸಿನ ಹುಡುಗಿಗೂ ಗೊತ್ತಾಗುತ್ತದೆ. ಗೊತ್ತಿಲ್ಲದಿರುವುದು ಮೊತ್ತ ಮಾತ್ರ. ಮೊತ್ತ ಗೊತ್ತಿಲ್ಲದ ಸಾಲ ಮಕ್ಕಳ ಮನಸ್ಸಿನಲ್ಲಿ ಬೆಟ್ಟದಷ್ಟು ಆಗುತ್ತದೆ.

ನಮ್ಮ ಮನೆಯಲ್ಲಿ ಲೆಕ್ಕದ ಪುಸ್ತಕ ಬಿಚ್ಚಿದ ದಿನ ಮಗ ಓಡಿ ಬಂದು ಅಪ್ಪನನ್ನು ತಬ್ಬಿಕೊಂಡ ಅಂತ ಕಥೆ ಕಟ್ಟುವುದಿಲ್ಲ. ಬೈಕು ಕೊಡಿಸಲ್ಲ ಅಂತ ಗೊತ್ತಾಗಿ ಎರಡು ದಿನ ಮುನಿಸಿಕೊಂಡ. ಮೂರನೇ ದಿನ ಊಟಕ್ಕೆ ಕೂತಾಗ, "ಅಪ್ಪೋ, ಈ ಮೂರ್ರುಪಾಯಿ ಬಡ್ಡಿ ಸಾಲವ ಮೊದ್ಲು ತೀರಿಸ್ಬಾರ್ದಾ? ಒಂದು ಹಸ ಮಾರುದ್ರಾಯ್ತದೆ ಕಣಪ್ಪ" ಅಂದ. ಅವರಮ್ಮ, "ಹಸ ಮಾರಿದ್ರೆ ಡೈರಿ ದುಡ್ಡು ಎಲ್ಲಿಂದ ಬಂದದು? ನನ್ನ ಚೀಟಿ ಎತ್ತಿ ಕೊಡ್ತೀನಿ" ಅಂದಳು. ಆ ಚೀಟಿ ವಿಷಯ ನನಗೆ ಅಲ್ಲಿವರೆಗೂ ಗೊತ್ತಿರಲಿಲ್ಲ! ಸಾಲ ಅವತ್ತೇ ತೀರಲಿಲ್ಲ. ಆದರೆ ನಾಲ್ಕು ತಲೆ ಅದಕ್ಕೆ ಕೆಲಸ ಮಾಡತೊಡಗಿದವು.

ಅದಕ್ಕೇ ನನ್ನ ಬೇಡಿಕೆ ಇಷ್ಟು. ಒಂದು ನೂರು ಪುಟದ ನೋಟುಪುಸ್ತಕ ತನ್ನಿ. ಒಂದು ಪುಟದಲ್ಲಿ ನಾವು ಕೊಡಬೇಕಾದ್ದು ಬರೆಯಿರಿ: ಯಾರ ಸಾಲ, ಅಸಲು ಎಷ್ಟು, ಬಡ್ಡಿ ಎಷ್ಟು, ಗಡುವು ಯಾವತ್ತು, ಅಡವು ಏನು. ಗಂಡನ ಕೈಸಾಲವೂ ಇರಲಿ, ಹೆಂಡತಿಯ ಸಂಘದ ಸಾಲವೂ ಇರಲಿ. ಎದುರು ಪುಟದಲ್ಲಿ ನಮಗೆ ಬರಬೇಕಾದ್ದು ಬರೆಯಿರಿ: ಕಬ್ಬಿನ ಬಾಕಿ, ಅದರ 15ರ ಬಡ್ಡಿ, ಬೆಂಬಲ ಬೆಲೆಗಿಂತ ಕಡಿಮೆಗೆ ಮಾರಿದ್ದರ ನಷ್ಟ. ಮನೆಮಂದಿ ಹೊಲದಲ್ಲಿ ದುಡಿದ ದಿನಗಳನ್ನೂ ಬರೆಯಿರಿ. ಹೈಸ್ಕೂಲಿನ ಮಗನೋ ಮಗಳೋ ಬರೆಯಲಿ, ಅಜ್ಜಿಯೂ ಕೂತು ಕೇಳಲಿ. ತಿಂಗಳಿಗೆ ಒಂದು ರಾತ್ರಿ ಸಾಕು. ಮೂರು ರೂಪಾಯಿ ಬಡ್ಡಿಯದು ಮೊದಲು ತೀರಬೇಕು, ಮದುವೆಗೆ ಹೊಸ ಸಾಲ ಕೂಡದು. ಈ ಎರಡು ನಿಯಮವನ್ನು ಮೊದಲ ಪುಟದಲ್ಲೇ ಬರೆಸಿ.

ಆಮೇಲೆ ಆ ಎದುರು ಪುಟವನ್ನು ಸಂಘದ ಸಭೆಗೆ ತನ್ನಿ. ನೂರು ಮನೆಯ ಎದುರು ಪುಟಗಳನ್ನು ಕೂಡಿಸಿದರೆ ಯಾರು ಬಾಕಿದಾರ, ಯಾರು ಸಾಲಗಾರ ಅಂತ ತಾಲ್ಲೂಕು ಕಚೇರಿಯ ಮುಂದೆ ಲೆಕ್ಕ ಸಮೇತ ಕೇಳಬಹುದು. ಒಬ್ಬನೇ ಇಟ್ಟುಕೊಂಡ ಲೆಕ್ಕ ಎದೆಗೆ ಭಾರ. ಊರು ಒಟ್ಟಾಗಿ ಇಟ್ಟ ಲೆಕ್ಕ ಸರ್ಕಾರಕ್ಕೆ ಭಾರ. ಯಾರಿಗಾದರೂ ಈ ಚಿಂತೆ ಕತ್ತಿಗೆ ಬಂದಿದ್ದರೆ ಇವತ್ತೇ ರಾತ್ರಿ ಮನೆಯವರ ಹತ್ತಿರ ಬಾಯಿ ಬಿಡಿ. ಮನೆಯಲ್ಲಿ ಆಗದಿದ್ದರೆ ನಮ್ಮಲ್ಲಿ ಯಾರ ಬಾಗಿಲಾದರೂ ತಟ್ಟಿ. ಯಾವ ಹೊತ್ತಿನಲ್ಲೂ ಮಾತಾಡಲು ಸರ್ಕಾರದ ಟೆಲಿ ಮಾನಸ್ ಇದೆ, ನಂಬರು 14416.

ಹುಡುಗರೇ, ಕೊನೆಯ ಮಾತು ನಿಮಗೆ. ಅಪ್ಪ ತಾನಾಗಿ ಹೇಳದಿದ್ದರೆ ನೀವೇ ಪೆನ್ನು ಪುಸ್ತಕ ಹಿಡಿದು ಪಕ್ಕದಲ್ಲಿ ಕೂತುಕೊಳ್ಳಿ. ಮೊದಲು ಗದರುತ್ತಾನೆ. ಎದ್ದು ಹೋಗಬೇಡಿ.