ತೆರಿಗೆ ಏರಿಸಲಾ ಅಂತ ಕೇಳುವ ಸರ್ಕಾರ



ಸರ್ಕಾರ ನಿಮ್ಮ ಮನೆಗೆ ಏನೇನು ಕಳಿಸುತ್ತೆ? ಕರೆಂಟ್ ಬಿಲ್, ನೀರಿನ ಬಿಲ್, ಆಸ್ತಿ ತೆರಿಗೆಯ ನೋಟಿಸ್. 2022ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಸರ್ಕಾರ ತನ್ನ ಜನರ ಮನೆಗೆ ಚೆಕ್ ಕಳಿಸಿತು. ಒಬ್ಬರಿಗೆ 750 ಡಾಲರ್, ಗಂಡ ಹೆಂಡತಿ ಒಟ್ಟಿಗೆ ರಿಟರ್ನ್ಸ್ ಸಲ್ಲಿಸಿದ್ದರೆ 1,500 ಡಾಲರ್. ಯಾಕೆ? ಆ ವರ್ಷ ಖಜಾನೆಗೆ ಮಿತಿಗಿಂತ ಜಾಸ್ತಿ ದುಡ್ಡು ಬಂದಿತ್ತು. ಜಾಸ್ತಿ ಬಂದದ್ದನ್ನು ಇಟ್ಟುಕೊಳ್ಳುವ ಹಕ್ಕು ಸರ್ಕಾರಕ್ಕಿಲ್ಲ, ವಾಪಸ್ ಕೊಡಲೇಬೇಕು ಅಂತ ಅಲ್ಲಿನ ರಾಜ್ಯ ಸಂವಿಧಾನದಲ್ಲೇ ಬರೆದಿದೆ.

ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ನಮ್ಮಲ್ಲೂ ಹೀಗೇ ಇದ್ದಿದ್ದರೆ ಅಂತ ಅನ್ನಿಸುತ್ತೆ. ಇವತ್ತು ನಾನು ಹೇಳಬೇಕೆಂದಿರುವುದು ಈ ಕಥೆಯ ಅರ್ಧವನ್ನಲ್ಲ, ಪೂರ್ತಿ ಕಥೆಯನ್ನು.

ಈ ಕಾಯ್ದೆಯ ಹೆಸರು ಟೇಬರ್. ಅಂದರೆ ತೆರಿಗೆದಾರರ ಹಕ್ಕುಪತ್ರ. ಇದನ್ನು ಬರೆದವರು ಕೊಲೊರಾಡೊ ಸ್ಪ್ರಿಂಗ್ಸ್ ನಗರದ ಡಗ್ಲಸ್ ಬ್ರೂಸ್. 1988ರಲ್ಲಿ ಜನರ ಮುಂದಿಟ್ಟರು, ಸೋತರು. 1990ರಲ್ಲಿ ಇಟ್ಟರು, ಮತ್ತೆ ಸೋತರು. 1992ರಲ್ಲಿ ಗೆದ್ದರು. ಇದೇ ಬ್ರೂಸ್ ಅವರನ್ನು 2011ರಲ್ಲಿ ತೆರಿಗೆ ವಂಚನೆ ಪ್ರಕರಣದಲ್ಲಿ ತಪ್ಪಿತಸ್ಥ ಅಂತ ತೀರ್ಮಾನಿಸಲಾಯಿತು. ಇರಲಿ. ವ್ಯಕ್ತಿ ಬೇರೆ, ವಾದ ಬೇರೆ. ವಾದವನ್ನು ವಾದವಾಗಿಯೇ ನೋಡೋಣ.

ಟೇಬರ್‌ನಲ್ಲಿ ಮುಖ್ಯವಾಗಿ ಎರಡು ಮಾತಿದೆ. ಒಂದು, ಜನರ ಮತ ಇಲ್ಲದೆ ಯಾವ ತೆರಿಗೆ ದರವನ್ನೂ ಏರಿಸುವಂತಿಲ್ಲ. ಮತಪತ್ರದ ಪ್ರಶ್ನೆ ದಪ್ಪಕ್ಷರದಲ್ಲಿ, ವರ್ಷಕ್ಕೆ ಎಷ್ಟು ಡಾಲರ್ ಹೆಚ್ಚು ವಸೂಲಾಗುತ್ತೆ ಎಂಬ ಮೊತ್ತದಿಂದಲೇ ಶುರುವಾಗಬೇಕು. ಪರ ವಾದ, ವಿರೋಧ ವಾದ ಎರಡನ್ನೂ ಅಚ್ಚು ಹಾಕಿಸಿ ಮತದಾರರಿಗೆ ಅಂಚೆಯಲ್ಲಿ ಕಳಿಸಬೇಕು. ಎರಡು, ಸರ್ಕಾರದ ಆದಾಯ ವರ್ಷದಿಂದ ವರ್ಷಕ್ಕೆ ಎಷ್ಟು ಬೆಳೆಯಬಹುದು ಅನ್ನುವುದಕ್ಕೆ ಒಂದು ಸೂತ್ರ: ಬೆಲೆ ಏರಿಕೆ ಮತ್ತು ಜನಸಂಖ್ಯೆಯ ಏರಿಕೆ, ಇವೆರಡನ್ನೂ ಕೂಡಿಸಿದಷ್ಟು ಮಾತ್ರ. ಅದಕ್ಕಿಂತ ಹೆಚ್ಚಾದದ್ದು ಜನರಿಗೆ ವಾಪಸ್.

ಇದರ ಸುತ್ತ ಮೂವತ್ತು ವರ್ಷಗಳಿಂದ ಜಗಳ ನಡೀತಾ ಇದೆ. ಜಗಳದ ಮುಂಚೂಣಿಯಲ್ಲಿ ಪಕ್ಷಗಳಷ್ಟೇ ಅಲ್ಲ, ಎರಡು ನೀತಿ ಸಂಸ್ಥೆಗಳೂ ಇವೆ. ಒಂದು 1985ರಲ್ಲಿ ಶುರುವಾದ ಇಂಡಿಪೆಂಡೆನ್ಸ್ ಇನ್‌ಸ್ಟಿಟ್ಯೂಟ್. ‘ದುಡ್ಡು ಜನರದ್ದು, ಸರ್ಕಾರ ಕೇಳಿ ಪಡೆಯಲಿ’ ಅನ್ನುವುದು ಅದರ ವಾದ. ಇನ್ನೊಂದು 2000ದಲ್ಲಿ ಹುಟ್ಟಿದ ಬೆಲ್ ಪಾಲಿಸಿ ಸೆಂಟರ್. ‘ಬಜೆಟ್ ಅನ್ನು ಸೂತ್ರಕ್ಕೆ ಕಟ್ಟಿಹಾಕಿದರೆ ಶಾಲೆ, ರಸ್ತೆ, ಆಸ್ಪತ್ರೆ ಸೊರಗುತ್ತವೆ’ ಅನ್ನುವುದು ಇದರ ವಾದ. ಇವರು ಬರೀ ವರದಿ ಬರೆದು ಕಪಾಟಿನಲ್ಲಿ ಇಡುವವರಲ್ಲ. ಲೆಕ್ಕ ಹಿಡಿದು ಜನರ ಮುಂದೆ ಹೋಗುತ್ತಾರೆ, ಮತ ಕೇಳುತ್ತಾರೆ. ನನಗೆ ಇಬ್ಬರ ಮೇಲೂ ಗೌರವ ಇದೆ. ಯಾಕಂದ್ರೆ ಇಬ್ಬರ ಮಾತಲ್ಲೂ ಅರ್ಧ ಸತ್ಯ ಇದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಹಿರಿಯರು ಹೇಳಿದರು. ಕೊಲೊರಾಡೊ ಜನ ಹಾಸಿಗೆಯ ಅಳತೆಯನ್ನೇ ಸಂವಿಧಾನದಲ್ಲಿ ಬರೆದುಬಿಟ್ಟರು. ಸಮಸ್ಯೆ ಬಂದದ್ದು ಕಾಯಿಲೆ ಬಿದ್ದಾಗ. 2001ರ ಹೊತ್ತಿಗೆ ಆರ್ಥಿಕ ಹಿಂಜರಿತ ಬಂತು, ರಾಜ್ಯದ ಆದಾಯ ಕುಸಿಯಿತು. ಸುಲಭವಾದ ಲೆಕ್ಕ ಹೇಳ್ತೀನಿ, ಉದಾಹರಣೆಗೆ ಮಾತ್ರ. ನೂರು ರೂಪಾಯಿ ಬರುತ್ತಿದ್ದ ಜಾಗದಲ್ಲಿ ಎಂಬತ್ತು ಬಂತು. ಮುಂದಿನ ವರ್ಷ ವ್ಯಾಪಾರ ಚೇತರಿಸಿಕೊಂಡು ತೊಂಬತ್ತೈದು ಬಂತು ಅಂತಿಟ್ಟುಕೊಳ್ಳಿ. ಆದರೆ ಸೂತ್ರ ಲೆಕ್ಕ ಹಾಕುವುದು ಎಂಬತ್ತರಿಂದ. ಬೆಲೆ ಏರಿಕೆ, ಜನಸಂಖ್ಯೆ ಸೇರಿ ಎಂಬತ್ನಾಲ್ಕು. ಉಳಿದ ಹನ್ನೊಂದು ವಾಪಸ್ ಕೊಡಬೇಕು! ಕಾಯಿಲೆ ಬಿದ್ದವನು ಮುದುರಿ ಮಲಗಿದ ಅಂತ ಹಾಸಿಗೆಯನ್ನು ಕತ್ತರಿಸಿ, ಎದ್ದು ಓಡಾಡುವಾಗಲೂ ಇಷ್ಟರಲ್ಲೇ ಮಲಗು ಅಂದ ಹಾಗಾಯಿತು.

ಇನ್ನೊಂದು ಕಡೆ, 2000ದಲ್ಲಿ ಅದೇ ಜನ ಮತ್ತೊಂದು ತಿದ್ದುಪಡಿಗೆ ಮತ ಹಾಕಿದ್ದರು. ಶಾಲೆಗಳಿಗೆ ಕೊಡುವ ಅನುದಾನ ಪ್ರತಿ ವರ್ಷ ಏರಲೇಬೇಕು ಅಂತ. ಒಂದು ವಿಧಿ ಖರ್ಚು ಮಾಡು ಅನ್ನುತ್ತೆ, ಇನ್ನೊಂದು ವಿಧಿ ದುಡ್ಡು ಇಟ್ಟುಕೊಳ್ಳಬೇಡ ಅನ್ನುತ್ತೆ. ನಡುವೆ ಸಿಕ್ಕಿಬಿದ್ದದ್ದು ಯಾವುದೇ ರಕ್ಷಣೆ ಇಲ್ಲದ ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳು. ಕತ್ತರಿ ಬಿದ್ದದ್ದು ಅಲ್ಲಿಗೆ.

ಕೊನೆಗೆ 2005ರಲ್ಲಿ ರಿಪಬ್ಲಿಕನ್ ಪಕ್ಷದ ಗವರ್ನರ್ ಬಿಲ್ ಓವೆನ್ಸ್ ಅವರೇ ಜನರ ಮುಂದೆ ಬಂದರು. ಐದು ವರ್ಷ ಈ ಮಿತಿಗೆ ಬಿಡುವು ಕೊಡಿ ಅಂತ ಕೇಳಿದರು. ಬೆಲ್ ಸೆಂಟರ್ ಬೆಂಬಲಿಸಿತು, ಇಂಡಿಪೆಂಡೆನ್ಸ್ ಇನ್‌ಸ್ಟಿಟ್ಯೂಟ್ ವಿರೋಧಿಸಿತು. ಜನ ಸುಮಾರು 52 ಶೇಕಡಾ ಮತಗಳಿಂದ ಒಪ್ಪಿದರು.

ಹಾಗಾದರೆ ಜನ ಬದಲಾದರಾ? ಇಲ್ಲ. 2019ರಲ್ಲಿ ‘ಇನ್ನು ಮುಂದೆ ಹೆಚ್ಚುವರಿ ಹಣವನ್ನು ಶಾಶ್ವತವಾಗಿ ನಾವೇ ಇಟ್ಟುಕೊಳ್ಳಲಾ’ ಅಂತ ಸರ್ಕಾರ ಕೇಳಿದಾಗ ಬೇಡ ಅಂದರು. ಬ್ರೂಸ್ ಅವರ ಊರು ಕೊಲೊರಾಡೊ ಸ್ಪ್ರಿಂಗ್ಸ್‌ನ ಕಥೆ ಇನ್ನೂ ಸ್ವಾರಸ್ಯಕರ. 2009ರಲ್ಲಿ ಆಸ್ತಿ ತೆರಿಗೆ ಏರಿಸಲು ನಗರಾಡಳಿತ ಕೇಳಿತು. ಜನ ತಿರಸ್ಕರಿಸಿದರು. 2010ರಲ್ಲಿ ಊರಿನ ಬೀದಿ ದೀಪಗಳಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಆರಿಸಲಾಯಿತು. ಪಾರ್ಕಿನ ಕಸದ ಡಬ್ಬಿಗಳು ಹೋದವು. ನಿಮ್ಮ ಮನೆ ಮುಂದಿನ ದೀಪ ಬೇಕಾದರೆ ನೀವೇ ದುಡ್ಡು ಕಟ್ಟಿ ದತ್ತು ತೆಗೆದುಕೊಳ್ಳಿ ಅಂದರು! ದುಡ್ಡಿದ್ದವನ ಮನೆ ಮುಂದೆ ಬೆಳಕು, ಇಲ್ಲದವನ ಮನೆ ಮುಂದೆ ಕತ್ತಲೆ.

ಅದೇ ಊರು 2015ರಲ್ಲಿ ಏನು ಮಾಡಿತು ಗೊತ್ತಾ? ರಸ್ತೆ ರಿಪೇರಿಗೆ ಅಂತಲೇ, ಐದು ವರ್ಷಕ್ಕೆ ಅಂತಲೇ ಮಾರಾಟ ತೆರಿಗೆ ಏರಿಸುತ್ತೇವೆ ಅಂತ ಕೇಳಿದಾಗ ದೊಡ್ಡ ಬಹುಮತದಿಂದ ಒಪ್ಪಿತು. ಅವಧಿ ಮುಗಿಯುವ ಮುಂಚೆ, 2019ರಲ್ಲಿ ಮತ್ತೆ ಒಪ್ಪಿತು. ಅಂದರೆ ಜನ ತೆರಿಗೆಯ ವೈರಿಗಳಲ್ಲ. ಎಷ್ಟು, ಯಾವುದಕ್ಕೆ, ಎಲ್ಲಿಯವರೆಗೆ ಅಂತ ಹೇಳಿದರೆ ಜೇಬಿಗೆ ಕೈ ಹಾಕುತ್ತಾರೆ. ಖಾಲಿ ಚೆಕ್ಕಿಗೆ ಸಹಿ ಹಾಕು ಅಂದರೆ ಹಾಕಲ್ಲ.

ಹಾಗಂತ ಸರ್ಕಾರಗಳು ಸುಮ್ಮನಿರುತ್ತವಾ? ತೆರಿಗೆ ಅಂದರೆ ಜನರ ಮತ ಬೇಕು, ಶುಲ್ಕ ಅಂದರೆ ಬೇಡ. ಹಾಗಾಗಿ ಕೊಲೊರಾಡೊದಲ್ಲಿ ಶುಲ್ಕಗಳು ಬೆಳೆಯುತ್ತಾ ಹೋದವು. ದೊಡ್ಡ ಶುಲ್ಕಕ್ಕೂ ಕೇಳಲೇಬೇಕು ಅಂತ 2020ರಲ್ಲಿ ಜನ ಮತ್ತೊಂದು ಬೇಲಿ ಹಾಕಬೇಕಾಯಿತು. ಹೆಸರು ಬದಲಿಸಿ ನಿಯಮದಿಂದ ತಪ್ಪಿಸಿಕೊಳ್ಳುವ ಈ ಆಟ ನಮಗೇನೂ ಹೊಸದಲ್ಲ. ಕೇಂದ್ರ ಸರ್ಕಾರ ತೆರಿಗೆ ಅಂದರೆ ರಾಜ್ಯಗಳಿಗೆ ಪಾಲು ಕೊಡಬೇಕು. ಸೆಸ್ ಅಥವಾ ಸರ್‌ಚಾರ್ಜ್ ಅಂದರೆ ಸಂವಿಧಾನದ 270ನೇ ವಿಧಿಯ ಪ್ರಕಾರ ಪಾಲು ಕೊಡಬೇಕಿಲ್ಲ. ಕಟ್ಟುವವನ ಜೇಬಿಂದ ಹೋಗುವ ರೂಪಾಯಿ ಮಾತ್ರ ಒಂದೇ.

ಈಗ ನಮ್ಮ ಮನೆಗೆ ಬರೋಣ. ಕರ್ನಾಟಕದಲ್ಲೂ ಮಿತಿ ಇದೆ. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದ ಮೊದಲ ರಾಜ್ಯ ನಮ್ಮದು, ಕೇಂದ್ರಕ್ಕಿಂತಲೂ ಮುಂಚೆ. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ 3 ಶೇಕಡಾ ದಾಟಬಾರದು, ಒಟ್ಟು ಸಾಲ 25 ಶೇಕಡಾ ದಾಟಬಾರದು. ವ್ಯತ್ಯಾಸ ಗಮನಿಸಿ. ಕೊಲೊರಾಡೊದ ಮಿತಿ ಆದಾಯದ ಮೇಲೆ, ನಮ್ಮದು ಸಾಲದ ಮೇಲೆ. ಅಲ್ಲಿಯದು ಸಂವಿಧಾನ, ನಮ್ಮದು ಸಾಮಾನ್ಯ ಕಾಯ್ದೆ. 2020ರಲ್ಲಿ ಕೊರೊನಾ ಬಂದಾಗ ತಿದ್ದುಪಡಿ ಮಾಡಿ ಆ ವರ್ಷದ ಕೊರತೆಯ ಮಿತಿಯನ್ನು 5 ಶೇಕಡಾಕ್ಕೆ ಏರಿಸಿದೆವು. ಆಗ ಅದು ಬೇಕಿತ್ತು. ಕಾಯ್ದೆಯಾಗಿದ್ದರಿಂದಲೇ ಸಾಧ್ಯವಾಯಿತು. ಆದರೆ ಅಷ್ಟೇ ಸುಲಭವಾಗಿ, ಕೊರೊನಾ ಇಲ್ಲದ ವರ್ಷದಲ್ಲೂ ಏರಿಸಬಹುದು. ಬೇಲಿ ಹಾಕಿಕೊಂಡವರ ಕೈಯಲ್ಲೇ ಬೇಲಿ ಕೀಳುವ ಹಾರೆಯೂ ಇದೆ.

ಟೇಬರ್ ಅನ್ನು ಇಲ್ಲಿಗೆ ತನ್ನಿ ಅಂತ ನಾನು ಹೇಳಲ್ಲ. ಮಳೆ ಕೈಕೊಟ್ಟ ವರ್ಷಕ್ಕೂ, ಮಳೆ ಬಂದ ವರ್ಷಕ್ಕೂ ಒಂದೇ ಸೂತ್ರ ಸಂವಿಧಾನದಲ್ಲಿ ಬರೆದಿಡುವುದು ಜಾಣತನ ಅಲ್ಲ. ಆದರೆ ಅವರ ಆ ದಪ್ಪಕ್ಷರದ ಪ್ರಶ್ನೆ ಇದೆಯಲ್ಲ, ಅದು ಬೇಕು. ಐದು ಗ್ಯಾರಂಟಿಗಳಿಗೆ 2024-25ರ ಬಜೆಟ್‌ನಲ್ಲಿ ಇಟ್ಟದ್ದು ಸುಮಾರು 52 ಸಾವಿರ ಕೋಟಿ ರೂಪಾಯಿ. ಗ್ಯಾರಂಟಿ ತಪ್ಪು ಅಂತಲ್ಲ. ಬಸ್ಸಿನಲ್ಲಿ ಕೂತ ಹೆಣ್ಣುಮಗಳ ಮುಖ ನೋಡಿದವರಿಗೆ ಅದರ ಬೆಲೆ ಗೊತ್ತು. ನನ್ನ ತಕರಾರು ಇಷ್ಟೇ: ಯಾವ ಪಕ್ಷವೇ ಇರಲಿ, ಭರವಸೆ ದಪ್ಪಕ್ಷರದಲ್ಲಿ ಬರುತ್ತೆ. ಅದಕ್ಕೆ ವರ್ಷಕ್ಕೆ ಎಷ್ಟು ಬೇಕು, ಎಲ್ಲಿಂದ ತರುತ್ತೇವೆ, ಯಾವುದನ್ನು ಕಡಿಮೆ ಮಾಡುತ್ತೇವೆ ಅನ್ನುವ ಸಾಲು ಯಾಕೆ ಅದೇ ಅಕ್ಷರದಲ್ಲಿ ಬರಲ್ಲ?

ಮುಂದಿನ ಸಲ ಪ್ರಣಾಳಿಕೆ ಹಿಡಿದು ಯಾರಾದರೂ ನಿಮ್ಮ ಮನೆ ಬಾಗಿಲಿಗೆ ಬಂದರೆ ಕೂರಿಸಿ, ನೀರು ಕೊಡಿ. ಆಮೇಲೆ ಈ ಮೂರು ಪ್ರಶ್ನೆ ಕೇಳಿ. ಉತ್ತರ ಗೊತ್ತಿಲ್ಲ ಅಂದರೆ, ಗೊತ್ತು ಮಾಡಿಕೊಂಡು ಬನ್ನಿ ಅನ್ನಿ. ಕೇಳುವ ಹಕ್ಕಿಗೆ ಸಂವಿಧಾನ ತಿದ್ದುಪಡಿ ಬೇಕಾಗಿಲ್ಲ.