ಹಾರುವ ಯಂತ್ರ ಯಾರ ಕೈಯಲ್ಲಿ?

(ಮಡಿಕೇರಿಯಲ್ಲಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕೊಡಗಿಗೆ ಇಂದಿಗೂ ರೈಲು ಬಂದಿಲ್ಲ. ವಿಮಾನ ನಿಲ್ದಾಣದ ಮಾತು ದೂರವೇ ಉಳಿಯಿತು. ಇಂಥ ನಾಡಿನಲ್ಲಿ ಆಕಾಶದಲ್ಲಿ ಹಾರಿಸುವ ಯಂತ್ರದ ಗೊಡವೆ ನಮಗೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಆದರೆ ಮದುವೆ ಮನೆಯ ಅಂಗಳದ ಮೇಲೆ, ಗದ್ದೆಯ ಮೇಲೆ ಡ್ರೋನ್ ಹಾರುವುದನ್ನು ನೀವೇ ಕಂಡಿದ್ದೀರಿ. ಅದನ್ನು ಹಾರಿಸಿ ಸಂಪಾದಿಸಬೇಕಾದರೆ ಪ್ರಮಾಣಪತ್ರ ಬೇಕು. ಆ ಪತ್ರ ಯಾರಿಗೆ ದಕ್ಕುತ್ತದೆ, ಯಾರಿಗೆ ದಕ್ಕುವುದಿಲ್ಲ ಎಂಬುದನ್ನೇ ನಾವು ಈ ಹೊತ್ತು ವಿಚಾರ ಮಾಡಬೇಕಾಗಿದೆ.

ಮೊದಲು ಕಾನೂನನ್ನು ನೋಡೋಣ. ಕೇಂದ್ರ ಸರ್ಕಾರ 2021ರ ಆಗಸ್ಟ್ 25ರಂದು ಡ್ರೋನ್ ನಿಯಮಗಳನ್ನು ಹೊರಡಿಸಿತು. 250 ಗ್ರಾಂ ಮೀರದ ಯಂತ್ರವನ್ನು ಹಾರಿಸಲು ಪ್ರಮಾಣಪತ್ರ ಬೇಡ. 2 ಕಿಲೋವರೆಗಿನದನ್ನು ಬರಿಯ ಸಂತೋಷಕ್ಕೆ ಹಾರಿಸಿದರೂ ಬೇಡ. ಆದರೆ ಅದೇ ಯಂತ್ರದಿಂದ ಮದುವೆಯ ಚಿತ್ರ ತೆಗೆದು ಹಣ ಪಡೆದಿರೋ, ಪ್ರಮಾಣಪತ್ರ ಬೇಕು. 2 ಕಿಲೋ ಮೀರಿದ್ದಕ್ಕಂತೂ ಬೇಕೇ ಬೇಕು. ಔಷಧಿ ಸಿಂಪಡಿಸುವ ಯಂತ್ರಗಳು ಈ ಗುಂಪಿನವು. ನಿಯಮ ಮೀರಿದವರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಪತ್ರವಿಲ್ಲದ ಹುಡುಗನ ಕೈಗೆ ಯಂತ್ರ ಕೊಟ್ಟು ಕಳಿಸುವ ಸ್ಟುಡಿಯೋದ ಬಂಧುಗಳು ಈ ಮಾತನ್ನು ಮನಸ್ಸಿನಲ್ಲಿಡಬೇಕು.

ಈ ಪತ್ರ ಪಡೆಯಲು ಇರಬೇಕಾದ ಅರ್ಹತೆಯೇನು? ವಯಸ್ಸು 18ರಿಂದ 65ರ ಒಳಗಿರಬೇಕು. ಹತ್ತನೆಯ ತರಗತಿ ಪಾಸಾಗಿರಬೇಕು. ಹಿಂದೆ ಪಾಸ್‌ಪೋರ್ಟ್ ಕೇಳುತ್ತಿದ್ದರು. 2023ರ ತಿದ್ದುಪಡಿಯ ಮೇಲೆ ಮತದಾರರ ಗುರುತಿನ ಚೀಟಿ, ರೇಷನ್ ಕಾರ್ಡುಗಳೂ ನಡೆಯುತ್ತವೆ. ನಿಯಮದಲ್ಲಿರುವ ಶುಲ್ಕ 100 ರೂಪಾಯಿ. ಪತ್ರದ ಅವಧಿ 10 ವರ್ಷ. ಇಷ್ಟನ್ನು ಕೇಳಿದರೆ ಬಾಗಿಲು ಬಡವನಿಗೂ ತೆರೆದಿದೆ ಎಂದೇ ತೋರುತ್ತದೆ.

ಆದರೆ ಬಾಗಿಲಿಗೆ ಹತ್ತುವ ಮೆಟ್ಟಿಲುಗಳನ್ನು ನೋಡಿ! ಸರ್ಕಾರ ಒಪ್ಪಿದ ತರಬೇತಿ ಶಾಲೆಯಲ್ಲೇ ಕಲಿತು ಪರೀಕ್ಷೆ ಮುಗಿಸಬೇಕು. ನಿಯಮ, ಹವಾಮಾನ, ಯಂತ್ರದ ಪರಿಚಯದ ಪಾಠ. ಬಳಿಕ ಕಂಪ್ಯೂಟರಿನ ಮುಂದೆ ಅಭ್ಯಾಸ. ಕೊನೆಗೆ ಬಯಲಿನಲ್ಲಿ ಹಾರಾಟ. ಈ ಕೆಲವೇ ದಿನಗಳ ಪಾಠಕ್ಕೆ ಖಾಸಗಿ ಶಾಲೆಗಳು ಕೇಳುವುದು ಹತ್ತಾರು ಸಾವಿರ ರೂಪಾಯಿ. ಮೇಲೆ ಬೆಂಗಳೂರಿನ ಬಸ್ಸು ಛಾರ್ಜು, ಊಟ, ವಸತಿ, ಕಳೆದುಕೊಂಡ ಕೂಲಿ. ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಸೀಸನ್ ಮುಗಿದೊಡನೆ ಮನೆಗೆ ಕಳಿಸಲ್ಪಡುವ ಕೂಲಿಕಾರನ ಮಗ ಇದನ್ನು ಎಲ್ಲಿಂದ ತರಬೇಕು?

ಇನ್ನು ತೋಟದ ಕೆಲಸಗಾರರ ಮಾತು. ಮುಂಗಾರಿಗೆ ಮುಂಚೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಕಾಫಿಗೆ, ಮೆಣಸಿನ ಬಳ್ಳಿಗೆ ಹೊಡೆಯುವವರು ಇವರೇ. ಔಷಧಿ ಮೈಮೇಲೆ ಬೀಳುವುದು ಯಂತ್ರದಿಂದ ತಪ್ಪುವುದಾದರೆ ಬೇಡವೆನ್ನುವವರು ಯಾರು? ನಾವು ಯಂತ್ರದ ವಿರೋಧಿಗಳಲ್ಲ. ಆದರೆ “ಡ್ರೋನ್ ಬಂತು, ಇನ್ನು ನೀನು ಬೇಡ” ಎನ್ನುವ ಮಾಲೀಕನಿಗೆ ಉತ್ತರ ಗೊತ್ತಿರಬೇಕು. ಕಾಫಿಯ ತುಕ್ಕುರೋಗ ಹಿಡಿಯುವುದು ಎಲೆಯ ಅಡಿಭಾಗಕ್ಕೆ. ಡ್ರೋನ್ ಸಿಂಪಡಿಸುವುದು ಮೇಲಿನಿಂದ. ನಡುವೆ ಸಿಲ್ವರ್ ಓಕ್ ಮೊದಲಾದ ನೆರಳು ಮರಗಳ ಚಪ್ಪರವಿದೆ. ಬಯಲುಗದ್ದೆಯಲ್ಲಿ ನಡೆದಷ್ಟು ಸಲೀಸಾಗಿ ಅದು ನಮ್ಮ ತೋಟದಲ್ಲಿ ನಡೆಯದು. ಯಾವ ಗಿಡಕ್ಕೆ ಎಲ್ಲಿ ರೋಗ, ಯಾವ ಇಳಿಜಾರಿನಲ್ಲಿ ಗಾಳಿ ಹೇಗೆ ಎಂಬುದು ಔಷಧಿ ಹೊಡೆದು ಬಲ್ಲ ಕೈಗೇ ಗೊತ್ತು. ಆದ್ದರಿಂದ ಯಂತ್ರ ಬರುವುದಾದರೆ ಅದನ್ನು ನಡೆಸುವವನು ಆ ಕೆಲಸಗಾರನೇ ಆಗಬೇಕು. ಹೊರಗಿನ ಕಂಪನಿ ಯಂತ್ರವನ್ನೂ ಚಾಲಕನನ್ನೂ ತಂದರೆ ನಮ್ಮ ಪಾಲಿಗೆ ಉಳಿಯುವುದು ನೀರು ಹೊರುವ ಕೆಲಸ ಮಾತ್ರ.

ಸರ್ಕಾರ ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 2023ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಡ್ರೋನ್ ದೀದಿ ಯೋಜನೆಯಲ್ಲಿ ಮಹಿಳಾ ಸ್ವಸಹಾಯ ಸಂಘಗಳಿಗೆ ಬೆಲೆಯ ನೂರಕ್ಕೆ 80 ಪಾಲು, 8 ಲಕ್ಷ ಮೀರದಂತೆ, ಸಹಾಯವನ್ನೂ ತರಬೇತಿಯನ್ನೂ ಗೊತ್ತುಪಡಿಸಿದರು. ಆದರೆ ಇಡೀ ಭಾರತಕ್ಕೆ ಗುರಿ 15,000 ಸಂಘಗಳು! ಬಾಡಿಗೆಗೆ ಕೃಷಿಯಂತ್ರ ಒದಗಿಸುವ ಸಹಕಾರ ಸಂಘಗಳಿಗೆ ನೂರಕ್ಕೆ 40 ಪಾಲು, 4 ಲಕ್ಷದವರೆಗೆ, ನೆರವು ಕೊಡಬಹುದೆಂದು 2022ರಲ್ಲಿ ಪ್ರಕಟಿಸಿದರು. ಇಂಥ ನೆರವು ಕೇಳಿದವರಿಗಲ್ಲದೆ ಸುಮ್ಮನೆ ಕುಳಿತವರಿಗೆ ಬರುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಮೂರು. ಕುಶಾಲನಗರದ ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಈ ತರಬೇತಿ ಕಡಿಮೆ ಶುಲ್ಕದಲ್ಲಿ ಸಿಗುವಂತಾಗಲಿ. ತೋಟಕ್ಕೆ ಯಂತ್ರ ತರುವ ಮಾಲೀಕ, ಔಷಧಿ ಹೊಡೆಯುವ ಕೆಲಸಗಾರನನ್ನು ಕೂಲಿ ಸಮೇತ ತರಬೇತಿಗೆ ಕಳಿಸಲಿ. ನಮ್ಮ ಸಹಕಾರ ಸಂಘಗಳು ಯಂತ್ರ ಕೊಂಡು ಸಣ್ಣ ಬೆಳೆಗಾರರಿಗೆ ಬಾಡಿಗೆಗೆ ಕೊಡಲಿ.

ಜೇನಿಗೂ ಕಿತ್ತಳೆಗೂ ಸಹಕಾರ ಸಂಘ ಕಟ್ಟಿದ ನಾಡು ಇದು. ಒಬ್ಬನಿಗೆ ಭಾರವಾದದ್ದನ್ನು ಹತ್ತು ಜನ ಹೊರುವುದು ನಮಗೆ ಹೊಸದಲ್ಲ. ಪ್ರತಿ ಸಂಘವೂ ತನ್ನಲ್ಲಿ ಹತ್ತನೆಯ ತರಗತಿ ಪಾಸಾದವರ ಪಟ್ಟಿಯನ್ನು ಈ ತಿಂಗಳೇ ಬರೆಯಲಿ. ಆ ಪಟ್ಟಿಯನ್ನು ಹಿಡಿದು ನಾವೆಲ್ಲ ಒಟ್ಟಾಗಿ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗೋಣ.